ಕಡಲದಡದಿಂದ ಗಾಳ ಹಾಕಿದಾಗ ದೊಡ್ಡ ಶಾರ್ಕನ್ನು ಮೊಣಕಾಲು ನೀರಿಗೆ ತಂದು ಬಿಡುವ ಬಗೆ

ಉಡುಪಿ, ಕಾರವಾರದ ಕಡೆಯವರಿಗೆ ಶಾರ್ಕ್ ಹೊಸ ಮೀನಲ್ಲ. ತಾಟೆ ಎಂದೋ ಮೋರಿ ಎಂದೋ ಮೀನುಪೇಟೆಯಲ್ಲಿ ಕಂಡು ಬೆಳೆದವರು ನಾವು. ಬಾಣಂತಿಗೆ ಒಳ್ಳೆಯದೆಂದು ಮರಿ ತಾಟೆಯ ಸಾರು ಮಾಡುವ ಮನೆಗಳೂ ನಮ್ಮಲ್ಲಿವೆ. ಅಲ್ಲಿ ದಡಕ್ಕೆ ಬಂದ ಮೀನು ಎಂದರೆ ಬುಟ್ಟಿಗೆ ಬಂದ ಮೀನು. ಅದೇ ಕಣ್ಣಿನಿಂದ ನೋಡುತ್ತ ಅಮೆರಿಕದ ಫ್ಲಾರಿಡಾಕ್ಕೆ ಬಂದು, ವಾರಾಂತ್ಯದ ರಾತ್ರಿಗಳಲ್ಲಿ ಮರಳಿನ ಮೇಲೆ ಗಾಳದ ಕೋಲು ನೆಟ್ಟು ಕೂರುವ ಕನ್ನಡಿಗರು ಮೊದಲು ತಿಳಿಯಬೇಕಾದದ್ದೆಂದರೆ, ಇಲ್ಲಿ ದಡದಿಂದ ಸಿಗುವ ದೊಡ್ಡ ಶಾರ್ಕ್‌ಗಳಲ್ಲಿ ಹಲವು ಜಾತಿಗಳನ್ನು ಕಾನೂನಿನಂತೆ ಮರಳಿ ಕಡಲಿಗೇ ಬಿಡಬೇಕು ಎಂಬುದು. ಆದ್ದರಿಂದ ಇಲ್ಲಿ ದಡಕ್ಕೆ ತರುವುದು ಎಂದರೆ ಒಣ ಮರಳಿಗೆ ಎಳೆಯುವುದಲ್ಲ, ಮೊಣಕಾಲು ಮಟ್ಟದ ನೀರಿಗೆ ತರುವುದು. ಈ ಲೇಖನ ಪೂರ್ತಿ ಆ ಮೊಣಕಾಲು ನೀರಿನಲ್ಲಿ ಕಳೆಯುವ ಎರಡು ಮೂರು ನಿಮಿಷಗಳ ಕುರಿತದ್ದು. ಆ ಹೊತ್ತು ಚಿಕ್ಕದಾದಷ್ಟೂ ಮನುಷ್ಯನಿಗೂ ಮೀನಿಗೂ ಒಳಿತು. ಅದನ್ನು ಚಿಕ್ಕದು ಮಾಡುವ ಕೆಲಸವೆಲ್ಲ ಮೀನು ಎರೆ ಮುಟ್ಟುವ ಮೊದಲೇ ಮುಗಿದಿರಬೇಕು.

ಮೊದಲು ಕಾನೂನು

ಫ್ಲಾರಿಡಾ ರಾಜ್ಯದ ಮೀನು ಮತ್ತು ವನ್ಯಜೀವಿ ಸಂರಕ್ಷಣಾ ಆಯೋಗವು 2019ರ ಜುಲೈ 1ರಿಂದ ದಡದ ಶಾರ್ಕ್ ಬೇಟೆಗೆ ಪ್ರತ್ಯೇಕ ನಿಯಮಗಳನ್ನು ಜಾರಿಗೆ ತಂದಿದೆ. 16 ವರ್ಷ ತುಂಬಿದವರು ಆನ್‌ಲೈನ್‌ನಲ್ಲಿ ಒಂದು ಪಾಠವನ್ನು ಮುಗಿಸಿ, ವರ್ಷಕ್ಕೊಮ್ಮೆ ದಡದ ಶಾರ್ಕ್ ಪರವಾನಗಿ ಪಡೆಯಬೇಕು. ಅದಕ್ಕೆ ಹಣವಿಲ್ಲ, ಆದರೆ ಉಪ್ಪುನೀರಿನ ಮೀನುಗಾರಿಕೆಯ ಸಾಮಾನ್ಯ ಲೈಸೆನ್ಸ್ ಬೇರೆಯೇ ಇರಬೇಕು. ಶಾರ್ಕ್ ಹಿಡಿಯುವ ಉದ್ದೇಶ ತನಗಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲೂ ಆಗದು. 4 ಅಡಿಗಿಂತ ಉದ್ದದ ಲೋಹದ ಲೀಡರ್ (ದಾರಕ್ಕೂ ಕೊಕ್ಕೆಗೂ ನಡುವೆ ಕಟ್ಟುವ ಗಟ್ಟಿ ತುಂಡು) ಕಟ್ಟಿದರೂ, ಸೊಂಟಕ್ಕೆ ಫೈಟಿಂಗ್ ಬೆಲ್ಟ್ (ಕೋಲಿನ ಬುಡ ಊರಿಕೊಳ್ಳುವ ಪಟ್ಟಿ) ಕಟ್ಟಿಕೊಂಡರೂ ಈ ಪರವಾನಗಿ ಬೇಕು.

ದಡದಿಂದ ನೀರಿಗೆ ಮೀನಿನ ತುಣುಕು, ರಕ್ತ ಚೆಲ್ಲಿ ಶಾರ್ಕನ್ನು ಕರೆಯುವುದು ನಿಷಿದ್ಧ. ಜೀವಂತ ಅಥವಾ ಸತ್ತ ಮೀನನ್ನು ಎರೆಯಾಗಿ ಬಳಸುವವರು ಸ್ಟೇನ್‌ಲೆಸ್ ಸ್ಟೀಲ್ ಅಲ್ಲದ, ಮೊನೆ ಒಳಕ್ಕೆ ಬಾಗಿದ ಆದರೆ ಪಕ್ಕಕ್ಕೆ ವಾಲದ ಸರ್ಕಲ್ ಕೊಕ್ಕೆಯನ್ನೇ ಕಟ್ಟಬೇಕು. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕೊಕ್ಕೆಯನ್ನು ಮೇಜಿನ ಮೇಲೆ ಮಲಗಿಸಿದಾಗ ಅದರ ಮೊನೆ ಮೇಲಕ್ಕೆದ್ದು ನಿಲ್ಲದೆ, ಇಡೀ ಕೊಕ್ಕೆ ಬಳೆಯ ಹಾಗೆ ಚಪ್ಪಟೆಯಾಗಿ ಕೂತರೆ ಸರಿ. ಇಂಥ ಕೊಕ್ಕೆ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳದೆ ಬಾಯಿಯ ಮೂಲೆಗೆ ಜಾರಿ ಬಂದು ಅಲ್ಲಿ ನಾಟುವುದೇ ಹೆಚ್ಚು, ಮತ್ತು ಒಂದು ವೇಳೆ ಮೀನಿನಲ್ಲೇ ಉಳಿದರೂ ಉಪ್ಪುನೀರಿಗೆ ತುಕ್ಕು ಹಿಡಿದು ಕಾಲಕ್ರಮದಲ್ಲಿ ಕಳಚುತ್ತದೆ. ಲೀಡರನ್ನೋ ಕೊಕ್ಕೆಯನ್ನೋ ತಕ್ಷಣ ಕತ್ತರಿಸುವ ಸಾಧನ ಕೈಯಳತೆಯಲ್ಲಿ ಇರಲೇಬೇಕು ಎಂಬುದೂ ನಿಯಮವೇ.

ಹಿಡಿದಿಟ್ಟುಕೊಳ್ಳಬಾರದ ಜಾತಿಗಳ ಪಟ್ಟಿಯಲ್ಲಿ ಟೈಗರ್ ಶಾರ್ಕ್, ಹ್ಯಾಮರ್‌ಹೆಡ್‌ನ ಮೂರು ದೊಡ್ಡ ಜಾತಿಗಳು, ಲೆಮನ್, ಸ್ಯಾಂಡ್‌ಬಾರ್, ಡಸ್ಕಿ, ಸಿಲ್ಕಿ ಇವೆಲ್ಲ ಸೇರಿವೆ. ಇವು ಸಿಕ್ಕರೆ ಕಿವಿರು ನೀರಿನಲ್ಲಿ ಮುಳುಗಿರುವಂತೆಯೇ ಇಟ್ಟು, ತಡಮಾಡದೆ ಬಿಡಬೇಕು. ಫೋಟೋಗಾಗಿ ನಿಲ್ಲಿಸಿಕೊಳ್ಳುವುದೂ ತಡವೇ. ನಿಯಮಗಳು ಬದಲಾಗುತ್ತಿರುತ್ತವೆ, ಕೆಲವು ಊರಿನ ಆಡಳಿತಗಳು ತಮ್ಮ ಕಡಲದಡಕ್ಕೆ ತಮ್ಮದೇ ಕಟ್ಟಳೆ ಹಾಕಿರುತ್ತವೆ. ಹೊರಡುವ ಮುನ್ನ ಎರಡನ್ನೂ ನೋಡಿಕೊಂಡೇ ಹೊರಡಬೇಕು.

ಗುರುತು ಹಿಡಿಯುವುದು

ಅಲೆ, ಕತ್ತಲೆ, ಬೂದು ಬಣ್ಣದ ಮೈ ಇವುಗಳ ನಡುವೆ ಶಾರ್ಕಿನ ಜಾತಿ ಹೇಳುವುದು ಕಷ್ಟ. ಆದರೂ ಕೆಲವು ಗುರುತುಗಳು ಬೇಗ ಕಣ್ಣಿಗೆ ಬೀಳುತ್ತವೆ. ಬೆನ್ನಿನ ಎರಡೂ ರೆಕ್ಕೆಗಳು ಹೆಚ್ಚುಕಡಿಮೆ ಒಂದೇ ಗಾತ್ರದವಾಗಿದ್ದು, ಮೈ ಹಳದಿ ಛಾಯೆಯದಾಗಿದ್ದರೆ ಅದು ಲೆಮನ್. ಮೊಂಡು ಮೂತಿ ಮತ್ತು ಪಕ್ಕೆಯಲ್ಲಿ ಪಟ್ಟೆಗಳಿದ್ದರೆ ಟೈಗರ್. ತಲೆಯ ಮುಂಬದಿ ನೇರವಾಗಿ ಕೊಯ್ದಂತಿದ್ದು ನಡುವೆ ಒಂದು ಕಚ್ಚು ಇದ್ದರೆ, ಬೆನ್ನ ರೆಕ್ಕೆ ಕುಡುಗೋಲಿನಂತೆ ಎತ್ತರವಾಗಿದ್ದರೆ ಅದು ಗ್ರೇಟ್ ಹ್ಯಾಮರ್‌ಹೆಡ್. ಹೊಸಬರು ಬುಲ್ ಶಾರ್ಕ್ ಮತ್ತು ಸ್ಯಾಂಡ್‌ಬಾರ್‌ಗಳ ನಡುವೆ ಎಡವುತ್ತಾರೆ. ಎರಡು ಬೆನ್ನ ರೆಕ್ಕೆಗಳ ನಡುವೆ ಬೆರಳಿಗೆ ಸಿಗುವಂಥ ಒಂದು ಏಣು ಓಡಿದ್ದರೆ ಅದು ಬುಲ್ ಅಲ್ಲ. ಗುರುತು ಸಿಗದ ಮೀನನ್ನು ಬಿಟ್ಟುಬಿಡಬೇಕು. ನನ್ನ ಮಟ್ಟಿಗೆ ನಾನು ಗುರುತು ಸಿಕ್ಕವನ್ನೂ ಬಿಡುತ್ತೇನೆ. ಇಷ್ಟು ದೊಡ್ಡ ಮೀನುಗಳಲ್ಲಿ ಬಹುಪಾಲು ಹೆಣ್ಣೇ ಇರುತ್ತವೆ. 2006ರಲ್ಲಿ ಫ್ಲಾರಿಡಾದ ಬೋಕಾ ಗ್ರಾಂಡೆಯಲ್ಲಿ ಸಿಕ್ಕ, 1280 ಪೌಂಡ್ ತೂಗಿ ದಾಖಲೆ ಬರೆದ ಹ್ಯಾಮರ್‌ಹೆಡ್‌ನ ಹೊಟ್ಟೆಯಲ್ಲಿ 55 ಮರಿಗಳಿದ್ದವು.

ಸಲಕರಣೆ: ಹಗುರವಾದದ್ದು ಕರುಣೆಯಲ್ಲ

ತೆಳು ದಾರ, ಚಿಕ್ಕ ರೀಲ್ ಹಿಡಿದು ದೊಡ್ಡ ಮೀನನ್ನು ಆಡಿಸುವುದೇ ಜಾಣ್ಮೆ ಎಂಬ ಮಾತು ಬೇರೆ ಮೀನುಗಳಿಗೆ ಸಲ್ಲಬಹುದು, ಶಾರ್ಕಿಗೆ ಸಲ್ಲದು. ಹೋರಾಟ ಉದ್ದವಾದಂತೆಲ್ಲ ಅದರ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುತ್ತ ಹೋಗುತ್ತದೆ. ಬಿಟ್ಟಾಗ ಈಜಿಕೊಂಡು ಹೋದಂತೆ ಕಂಡ ಮೀನು ಕೆಲವು ಗಂಟೆಗಳ ನಂತರ ತಳ ಸೇರಿ ಸಾಯಬಹುದು. ಹ್ಯಾಮರ್‌ಹೆಡ್‌ಗಳು ಇದರಲ್ಲಿ ಎಲ್ಲಕ್ಕಿಂತ ಸೂಕ್ಷ್ಮ, ಅವು ಪ್ರಾಣವಿರುವ ತನಕ ಹೋರಾಡುತ್ತವೆ. ಆದ್ದರಿಂದ 80ರಿಂದ 100 ಪೌಂಡ್ ತಡೆಯುವ ಹೆಣೆದ ದಾರ, ಅದನ್ನು ನೂರಾರು ಗಜ ತುಂಬಿಕೊಳ್ಳುವ ರೀಲ್, ಮತ್ತು ದಾರದ ಬಲದ ಮೂರನೆಯ ಒಂದು ಪಾಲಿನಷ್ಟು ಬಿಗಿಗೆ ಹೊಂದಿಸಿದ ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ತಡೆದು ತಡೆದು ಬಿಡುವ, ರೀಲಿನ ಬ್ರೇಕು) ಬೇಕು. ಡ್ರ್ಯಾಗನ್ನು ಅಂದಾಜಿನಲ್ಲಿ ತಿರುಗಿಸದೆ ತೂಕದ ಕಾಂಟಾಕ್ಕೆ ಸಿಕ್ಕಿಸಿ ಎಳೆದು ನೋಡಿಯೇ ಹೊಂದಿಸಬೇಕು.

ಲೀಡರ್ ಮೀನಿಗಿಂತ ಉದ್ದವಾಗಿರಲಿ. ಶಾರ್ಕಿನ ಚರ್ಮವನ್ನು ತಲೆಯಿಂದ ಬಾಲದ ಕಡೆಗೆ ಸವರಿದರೆ ನುಣುಪು, ಬಾಲದಿಂದ ತಲೆಯ ಕಡೆಗೆ ಸವರಿದರೆ ಮರಳುಕಾಗದ. ಹಲ್ಲಿನ ರಚನೆಯನ್ನೇ ಹೋಲುವ ಸಣ್ಣ ಸಣ್ಣ ಹುರುಪೆಗಳು ಅಲ್ಲಿ ಸಾಲಾಗಿ ಕೂತಿವೆ. ಬರಿಯ ದಾರ ಅದಕ್ಕೆ ತಾಗಿದರೆ ಕ್ಷಣದಲ್ಲಿ ತುಂಡು. ಆದ್ದರಿಂದ ಹಲ್ಲಿನ ಬಳಿ ಕೆಲವು ಅಡಿ ಲೋಹದ ತಂತಿ, ಅದರ ಹಿಂದೆ ದಪ್ಪ ತಂಗೂಸಿ. ಕೊಕ್ಕೆಯ ಎದುರುಮುಳ್ಳನ್ನು ಇಕ್ಕಳದಿಂದ ಒತ್ತಿ ಮಲಗಿಸಿಬಿಟ್ಟರೆ ಬಿಡಿಸುವಾಗ ಅರ್ಧ ಕೆಲಸ ಕಡಿಮೆಯಾಗುತ್ತದೆ. ಉದ್ದ ಹಿಡಿಕೆಯ ಬೋಲ್ಟ್ ಕಟರ್, ಉದ್ದನೆಯ ಕೊಕ್ಕೆ ಬಿಡಿಸುವ ಸಲಾಕೆ, ದಪ್ಪ ಕೈಗವಸು, ತಲೆಗೆ ಕಟ್ಟುವ ದೀಪ, ರಕ್ತ ತಡೆಯುವ ಟೂರ್ನಿಕೆಟ್ ಇರುವ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವು ಚೀಲದೊಳಗೆ ಇರುವುದಲ್ಲ, ನೀರಿನ ಅಂಚಿನಲ್ಲಿ ಒಂದು ಬಕೆಟ್‌ನಲ್ಲಿ ಹಿಡಿಕೆ ಮೇಲಾಗಿ ನಿಂತಿರಬೇಕು. ಕತ್ತಲಲ್ಲಿ ಹುಡುಕಾಡಿದ ಅರ್ಧ ನಿಮಿಷವೆಂದರೆ ಮೀನಿನ ಉಸಿರಿನಿಂದ ಕದ್ದ ಅರ್ಧ ನಿಮಿಷ.

ದೀಪದ ವಿಷಯದಲ್ಲಿ ಒಂದು ಮಾತು. ಫ್ಲಾರಿಡಾದ ಅಟ್ಲಾಂಟಿಕ್ ದಡದ ಕೆಲವು ಜಿಲ್ಲೆಗಳಲ್ಲಿ ಮಾರ್ಚ್ 1ರಿಂದ, ಉಳಿದೆಡೆ ಮೇ 1ರಿಂದ ಅಕ್ಟೋಬರ್ 31ರ ತನಕ ಕಡಲಾಮೆಗಳು ಮೊಟ್ಟೆ ಇಡುವ ಕಾಲ. ಬಿಳಿ ಬೆಳಕು ಕಂಡರೆ ತಾಯಿ ಆಮೆ ಮರಳುತ್ತದೆ, ಮರಿಗಳು ಕಡಲಿನ ದಿಕ್ಕು ತಪ್ಪುತ್ತವೆ. ಆ ತಿಂಗಳುಗಳಲ್ಲಿ ಕೆಂಪು ಬೆಳಕಿನ ದೀಪವನ್ನೇ ಬಳಸಬೇಕು.

ಜಾಗ ಮತ್ತು ಜನ

ಈಜುವವರಿಂದ ಬಹು ದೂರ, ಜನವಿಲ್ಲದ ಹೊತ್ತು ಆರಿಸಬೇಕು. ಬೆಳಕಿರುವಾಗಲೇ ಬಂದು, ಇಳಿತದ ಹೊತ್ತಿನಲ್ಲಿ ದಡವನ್ನು ನಡೆದು ನೋಡಬೇಕು. ನೀರಿನೊಳಗಿನ ಮರಳದಿಬ್ಬ ಎಲ್ಲಿದೆ, ದಿಬ್ಬಕ್ಕೂ ದಡಕ್ಕೂ ನಡುವಿನ ತಗ್ಗು ಎಷ್ಟು ಆಳ, ದಡ ಎಲ್ಲಿ ಮೆಲ್ಲಗೆ ಇಳಿಯುತ್ತದೆ, ಎಲ್ಲಿ ಮೆಟ್ಟಿಲಿನಂತೆ ಕಡಿದಿದೆ ಎಂದು ತಿಳಿದಿರಬೇಕು. ಮೀನನ್ನು ತರಬೇಕಾದದ್ದು ಮೆಲ್ಲಗೆ ಇಳಿಯುವ ಕಡೆಗೆ. ಕಡಿದಾದ ದಡದಲ್ಲಿ ಅಲೆಗಳು ಮನುಷ್ಯನನ್ನೂ ಮೀನನ್ನೂ ಒಂದೇ ಗುಂಡಿಗೆ ತಳ್ಳುತ್ತವೆ.

ಒಬ್ಬರೇ ಹೋಗಬಾರದು. ಮೂವರು ಬೇಕೇ ಬೇಕು: ಕೋಲು ಹಿಡಿದವರು, ಲೀಡರ್ ಹಿಡಿಯುವವರು, ಬಾಲ ಹಿಡಿದು ಕೊಕ್ಕೆ ಬಿಡಿಸುವವರು. ನಾಲ್ಕನೆಯವರಿದ್ದರೆ ಅವರು ಗಡಿಯಾರ ನೋಡುತ್ತ, ಕತ್ತರಿ ಕೊಡುತ್ತ, ಕುತೂಹಲಕ್ಕೆ ಓಡಿ ಬರುವ ಜನರನ್ನು ದೂರ ನಿಲ್ಲಿಸುತ್ತ ಇರಲಿ. ಯಾರು ಏನು ಎಂಬುದನ್ನು ಎರೆ ಹಾಕುವ ಮೊದಲೇ ಬಾಯಿಬಿಟ್ಟು ಹೇಳಿಕೊಳ್ಳಬೇಕು, ಮತ್ತು "ಬಿಡಿ" ಎಂಬ ಒಂದು ಮಾತಿಗೆ ಎಲ್ಲರೂ ಆ ಕ್ಷಣವೇ ಕೈಬಿಟ್ಟು ದಡದ ಕಡೆಗೆ ಸರಿಯಬೇಕು ಎಂದು ಒಪ್ಪಿಕೊಂಡಿರಬೇಕು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಫ್ಲಾರಿಡಾದಲ್ಲಿ ಗುಡುಗು ಮಿಂಚು ದಿನನಿತ್ಯದ ಮಾತು. ಗುಡುಗು ಕಿವಿಗೆ ಬಿದ್ದ ಕೂಡಲೇ ಕೋಲು ಇಳಿಸಿ ಕಾರು ಸೇರಬೇಕು, ದಾರದಲ್ಲಿ ಮೀನಿದ್ದರೆ ದಾರ ಕತ್ತರಿಸಿಯಾದರೂ.

ಮೀನು ಹಿಡಿದ ಮೇಲೆ

ರೀಲ್ ಕಿರುಗುಟ್ಟಿದ ಕೂಡಲೇ ಕೋಲನ್ನು ಜಗ್ಗುವುದು ಹಳೆಯ ಅಭ್ಯಾಸ. ಸರ್ಕಲ್ ಕೊಕ್ಕೆಗೆ ಅದು ಬೇಡ. ಮೀನು ತಿರುಗಿ ನಡೆಯಲಿ, ದಾರ ತಾನೇ ಬಿಗಿಯಾಗಲಿ, ಕೊಕ್ಕೆ ಬಾಯಿಯ ಮೂಲೆಗೆ ತಾನಾಗಿ ಕೂರುತ್ತದೆ. ಆಮೇಲೆ ಮಾಡಬೇಕಾದ ಮೊದಲ ಕೆಲಸವೆಂದರೆ ಉಳಿದ ಕೋಲುಗಳ ದಾರವನ್ನೆಲ್ಲ ಒಳಗೆ ಸುತ್ತಿಕೊಳ್ಳುವುದು. ಎರಡು ದಾರ ಸಿಕ್ಕುಹಾಕಿಕೊಂಡರೆ ಮೊಣಕಾಲು ನೀರಿನಲ್ಲಿ ಯಾವ ದಾರ ಎತ್ತ ಎಳೆಯುತ್ತಿದೆ ಎಂಬುದೇ ತಿಳಿಯದು, ಮತ್ತು ಎರಡನೆಯ ಕೊಕ್ಕೆ ಮನುಷ್ಯನ ಕಾಲಿಗೆ ನಾಟುವುದು ಹೀಗೆಯೇ. ದಾರ ತುಂಡಾದರೆ ಸೀಸದ ಗುಂಡು ಬಂದೂಕಿನ ಗುಂಡಿನ ಹಾಗೆ ದಡಕ್ಕೆ ಹಾರಿ ಬರಬಹುದು, ಆದ್ದರಿಂದ ದಾರದ ನೇರದಲ್ಲಿ ಹಿಂದೆ ಯಾರೂ ನಿಲ್ಲಕೂಡದು.

ಒಂದೇ ಸಮನೆ ಒತ್ತಡ ಹಾಕುತ್ತ, ಮೀನು ಓಡಿದಾಗ ಬಿಟ್ಟು, ನಿಂತಾಗ ಸುತ್ತಿಕೊಳ್ಳಬೇಕು. ಅರ್ಧ ಗಂಟೆಯಾದರೂ ಮೀನು ಮರಳದಿಬ್ಬ ದಾಟಿ ಒಳಗೆ ಬರದಿದ್ದರೆ ಸಲಕರಣೆ ಆ ಮೀನಿಗೆ ಸಾಲದು ಎಂದೇ ನನ್ನ ಲೆಕ್ಕ. ಮುಂದಿನ ಬಾರಿ ದಪ್ಪ ದಾರ ತರಬೇಕು, ಈ ಬಾರಿ ದಾರ ಕತ್ತರಿಸುವ ಧೈರ್ಯ ಮಾಡಬೇಕು.

ಮೊಣಕಾಲು ನೀರಿನಲ್ಲಿ

ಒಳಗಿನ ತಗ್ಗಿನಲ್ಲಿ ಶಾರ್ಕ್ ಕೊನೆಯ ಬಾರಿ ತಿರುಗುತ್ತದೆ. ಇದು ಎಲ್ಲಕ್ಕಿಂತ ಅಪಾಯದ ಹೊತ್ತು. ದಣಿದಿದೆ ಎಂದು ತಿಳಿದು ನೀರಿಗೆ ಓಡುವವರಿಗೆ ಅದು ದಣಿದಿಲ್ಲ ಎಂದು ತೋರಿಸುತ್ತದೆ. ಮೊದಲಿಗೆ ಕೋಲು ಹಿಡಿದವರು ಹಿಂದೆ ಹಿಂದೆ ನಡೆಯುತ್ತ, ಬರುವ ಅಲೆಯ ಬಲದಿಂದ ಮೀನನ್ನು ಒಳಗೆ ತರಬೇಕು. ಅಲೆ ಹಿಂದಿರುಗುವಾಗ ಎಳೆಯಬಾರದು, ಇದ್ದಲ್ಲೇ ಹಿಡಿದು ನಿಲ್ಲಬೇಕು. ಹಿಂದಿರುಗುವ ನೀರಿಗೆ ವಿರುದ್ಧ ಎಳೆದಾಗಲೇ ದಾರ ತುಂಡಾಗುವುದು, ಕೊಕ್ಕೆ ಕಳಚುವುದು.

ಲೀಡರ್ ಹಿಡಿಯುವವರು ನೀರಿಗೆ ಇಳಿಯುವಾಗ ಕಾಲನ್ನು ಎತ್ತಿಡದೆ ತಳವನ್ನು ಕೆರೆಯುತ್ತ ನಡೆಯಬೇಕು. ಮರಳಿನಲ್ಲಿ ಹುದುಗಿ ಮಲಗಿದ ತೊರಕೆ ಮೀನಿಗೆ ಸದ್ದು ತಿಳಿದು ಅದು ದೂರ ಸರಿಯುತ್ತದೆ, ಮೆಟ್ಟಿದರೆ ಬಾಲದ ಮುಳ್ಳು ನಾಟುತ್ತದೆ. ಲೀಡರನ್ನು ಕೈಗವಸು ಹಾಕಿದ ಅಂಗೈಯಲ್ಲಿ ಹಿಡಿಯಬೇಕೇ ಹೊರತು ಕೈಗೆ ಒಂದು ಸುತ್ತನ್ನೂ ಸುತ್ತಿಕೊಳ್ಳಬಾರದು. ನಮ್ಮ ಗುಂಪಿನ ಗೆಳೆಯನೊಬ್ಬ ಹಿಡಿತ ಜಾರುತ್ತದೆ ಎಂದು ಒಂದೇ ಒಂದು ಸುತ್ತು ಹಾಕಿಕೊಂಡಿದ್ದ. ಶಾರ್ಕ್ ಮತ್ತೆ ಕಡಲಿಗೆ ನುಗ್ಗಿದಾಗ ಅವನ ಕೈ ಬಿಡಿಸಿಕೊಳ್ಳಲಾಗದೆ, ಎದೆಮಟ್ಟದ ನೀರಿನ ತನಕ ಮುಗ್ಗರಿಸುತ್ತ ಹೋದ. ಕೈಗವಸೇ ಕಳಚಿ ಬಂದದ್ದರಿಂದ ಬೆರಳು ಉಳಿಯಿತು, ಮೂಳೆಯ ಮೇಲಿನ ಚರ್ಮ ಉಳಿಯಲಿಲ್ಲ. ಲೀಡರ್ ಕೈಗೆ ಬಂದ ಕೂಡಲೇ ಕೋಲು ಹಿಡಿದವರು ಡ್ರ್ಯಾಗನ್ನು ತುಸು ಸಡಿಲಿಸಬೇಕು. ಆಗ ಮೀನು ಮತ್ತೆ ಓಡಿದರೆ ಲೀಡರ್ ಹಿಡಿದವರು ಅಂಗೈ ಬಿಚ್ಚಿದರೆ ಸಾಕು, ಉಳಿದದ್ದನ್ನು ರೀಲ್ ನೋಡಿಕೊಳ್ಳುತ್ತದೆ.

ಬಾಲ ಹಿಡಿಯುವವರು ಅವಸರ ಮಾಡಬಾರದು. ಅಲೆ ಮೀನನ್ನು ದಡಕ್ಕೆ ಅಡ್ಡಲಾಗಿ ಮಲಗಿಸುವ ತನಕ ಕಾದು, ದಡದ ಕಡೆಯಿಂದ, ಬೆನ್ನ ರೆಕ್ಕೆಗೆ ಹಿಂದಿನಿಂದ ಹೋಗಬೇಕು. ಮೀನಿನ ಕಡಲ ಬದಿಗೆ ಯಾರೂ ಹೋಗಲೇಬಾರದು, ಅಲ್ಲಿ ನಿಂತವರ ಮೇಲೆ ಮೀನು ತಿರುಗಿದರೆ ಹಿಂದೆ ಆಳ, ಮುಂದೆ ಬಾಯಿ. ಶಾರ್ಕಿಗೆ ಮೂಳೆಯಿಲ್ಲ, ಇರುವುದೆಲ್ಲ ಮೃದ್ವಸ್ಥಿ. ಅದು ತನ್ನ ಮೂತಿಯನ್ನು ತನ್ನ ಬಾಲಕ್ಕೆ ಮುಟ್ಟಿಸುವಷ್ಟು ಬಾಗಬಲ್ಲದು, ಆದ್ದರಿಂದ ಬಾಲದ ಬಳಿ ಇದ್ದೇನೆ ಎಂಬ ಧೈರ್ಯ ಯಾವ ಕ್ಷಣಕ್ಕೂ ಪೂರ್ತಿಯಾಗಿ ನಂಬುವಂಥದ್ದಲ್ಲ. ಲೀಡರ್ ಬಿಗಿಯಾಗಿ ತಲೆಯನ್ನು ಒಂದು ಕಡೆಗೆ ಹಿಡಿದಿದ್ದಾಗ ಮಾತ್ರ ಬಾಲದ ಬುಡದ ಕಿರಿದಾದ ಜಾಗವನ್ನು ಎರಡೂ ಕೈಯಿಂದ ಹಿಡಿಯಬೇಕು.

ಇಲ್ಲಿಂದ ಮುಂದೆ ಎಳೆಯುವುದು ಮುಗಿಯಿತು. ಮೀನು ಇರುವಲ್ಲೇ ಇರಲಿ, ಕಿವಿರಿನ ಸೀಳುಗಳ ಮೇಲೆ ನೀರು ಹರಿಯುತ್ತಿರಲಿ. ಒಣ ಮರಳಿಗೆ ಎಳೆದಾಗ ನೀರಿನ ಆಸರೆ ತಪ್ಪಿದ ಮೈಯ ತೂಕ, ಪಕ್ಕೆಲುಬಿನ ಕಾವಲಿಲ್ಲದ ಒಳಗಿನ ಅಂಗಗಳ ಮೇಲೆಯೇ ಬೀಳುತ್ತದೆ. ಹೊರಗೆ ಗಾಯ ಕಾಣದು, ಒಳಗೆ ಹಾನಿಯಾಗಿರುತ್ತದೆ. ಬಾಲ ಹಿಡಿದು ಮೇಲಕ್ಕೆತ್ತಬಾರದು, ಬೆನ್ನ ಮೇಲೆ ಕೂರಬಾರದು, ಮೀನೆತ್ತುವ ಮೊನಚು ಗಾಫ್ ಕೊಕ್ಕೆ ಚುಚ್ಚಬಾರದು, ಕಿವಿರಿನೊಳಗೆ ಬೆರಳು ಹಾಕಬಾರದು.

ಕೊಕ್ಕೆ ಬಿಡಿಸುವುದು

ಕೊಕ್ಕೆ ಬಾಯಿಯ ಮೂಲೆಯಲ್ಲಿ ಕಣ್ಣಿಗೆ ಕಾಣುವಂತಿದ್ದರೆ ಉದ್ದ ಸಲಾಕೆಯಿಂದ ನಾಟಿದ ದಿಕ್ಕಿಗೆ ವಿರುದ್ಧ ತಿರುವಿದರೆ ಬರುತ್ತದೆ. ಬಾರದಿದ್ದರೆ ಎರಡನೆಯ ಪ್ರಯತ್ನ ಬೇಡ, ಬೋಲ್ಟ್ ಕಟರ್‌ನಿಂದ ಕೊಕ್ಕೆಯನ್ನೇ ಎರಡಾಗಿ ಕತ್ತರಿಸಿ. ಎರಡು ತುಂಡೂ ತಾನೇ ಉದುರುತ್ತವೆ. ಗಂಟಲಿನ ಆಳಕ್ಕೆ ಹೋಗಿದ್ದರೆ ಲೀಡರನ್ನು ಬಾಯಿಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಕತ್ತರಿಸಿ ಬಿಡಬೇಕು. ಉದ್ದ ಲೀಡರ್ ಎಳೆದುಕೊಂಡು ಹೋದ ಮೀನು ಅದಕ್ಕೇ ಸುತ್ತಿಕೊಂಡು ಸಾಯುತ್ತದೆ. ಮೈಗೆ ತಂತಿ ಸುತ್ತಿಕೊಂಡಿದ್ದರೆ ಮೊದಲು ಆ ಸುತ್ತನ್ನು ಕತ್ತರಿಸಬೇಕು. ಕೈಯನ್ನು ಬಾಯಿಯ ಮುಂದೆ ಒಯ್ಯುವ ಪ್ರಸಂಗವೇ ಬರಕೂಡದು, ಸಲಾಕೆಗೆ ಆ ಉದ್ದ ಇರುವುದೇ ಅದಕ್ಕಾಗಿ.

ಮೂತಿಯ ಎರಡು ಬದಿಗೆ ಹಲ್ಲಿನ ಸಾಲಿರುವ ಗರಗಸ ಮೀನು ಸಿಕ್ಕರೆ, ಅದು 2003ರಿಂದ ಅಮೆರಿಕದ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಅದನ್ನು ನೀರಿನಲ್ಲೇ ಇಟ್ಟು, ಗರಗಸಕ್ಕೆ ಕೈ ತಾಗದ ದೂರದಿಂದ ದಾರ ಕತ್ತರಿಸಬೇಕು. ನಮ್ಮ ಕರಾವಳಿಯ ಬಲೆಗೆ ಬೀಳುವ ತಿಮಿಂಗಿಲ ಶಾರ್ಕಿಗೆ 2001ರಿಂದ ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವುದೂ ಈ ಬಗೆಯದೇ, ಅಲ್ಲಿಯೂ ಬಲೆ ಕೊಯ್ದು ಬಿಡುವುದೇ ದಾರಿ.

ಬಿಡುವುದು

ಮೂತಿಯನ್ನು ಕಡಲಿಗೆ ತಿರುಗಿಸಿ, ಒಬ್ಬರು ಬಾಲದ ಬುಡ, ಇನ್ನೊಬ್ಬರು ಬೆನ್ನ ರೆಕ್ಕೆಯ ಬುಡ ಹಿಡಿದು ಮುಂದಕ್ಕೆ ನಡೆಸಬೇಕು. ಹಿಂದಕ್ಕೆ ಎಳೆದರೆ ಕಿವಿರಿಗೆ ನೀರು ತಪ್ಪು ದಾರಿಯಿಂದ ಹೋಗುತ್ತದೆ. ನರ್ಸ್, ಲೆಮನ್‌ನಂಥ ಶಾರ್ಕ್‌ಗಳು ಮಲಗಿದ್ದಲ್ಲೇ ಬಾಯಿಂದ ನೀರು ಎಳೆದು ಉಸಿರಾಡಬಲ್ಲವು. ಬ್ಲ್ಯಾಕ್‌ಟಿಪ್, ಹ್ಯಾಮರ್‌ಹೆಡ್‌ಗಳಿಗೆ ಮುಂದೆ ಈಜಿದರೆ ಮಾತ್ರ ಉಸಿರು. ಫೋಟೋ ಬೇಕೆಂದರೆ ಮೀನು ನಡೆಯುತ್ತಿರುವಾಗ ನಾಲ್ಕನೆಯವರು ತೆಗೆಯಲಿ, ಅದಕ್ಕಾಗಿ ಯಾರೂ ನಿಲ್ಲುವುದು ಬೇಡ. ಸೊಂಟದ ಮಟ್ಟಕ್ಕಿಂತ ಆಳಕ್ಕೆ ಹೋಗಬಾರದು. ಹಿಡಿದ ಅಂಗೈಗೆ ಮೊದಲು ಒಂದು ಸಣ್ಣ ಅದುರು, ಆಮೇಲೆ ಎಡಕ್ಕೂ ಬಲಕ್ಕೂ ನಿಧಾನ ತೂಗುವ ಬಲ ತಿಳಿಯುತ್ತದೆ. ಆ ಬಲ ಮೂರು ನಾಲ್ಕು ಬಾರಿ ಒಂದೇ ಸಮನಾದಾಗ ಕೈ ಬಿಚ್ಚಿ, ಇಬ್ಬರೂ ಒಟ್ಟಿಗೆ ದಡದ ಕಡೆಗೆ ಹಿಂದೆ ಸರಿಯಬೇಕು, ಕಣ್ಣು ಮೀನಿನ ಮೇಲೆಯೇ ಇರಬೇಕು. ಕೆಲವೊಮ್ಮೆ ಅದು ದಿಕ್ಕು ತಪ್ಪಿ ಮತ್ತೆ ದಡಕ್ಕೇ ತಿರುಗುತ್ತದೆ.

ಗಾಯವಾದರೆ

ಕಚ್ಚಿದ ಗಾಯದಿಂದ ರಕ್ತ ಚಿಮ್ಮುತ್ತಿದ್ದರೆ ಮೊದಲು ನೀರಿನಿಂದ ಹೊರಗೆ, ನಂತರ ಗಾಯದ ಮೇಲೆಯೇ ಬಲವಾದ ಒತ್ತಡ. ಕೈಕಾಲಿನ ಗಾಯದ ರಕ್ತ ನಿಲ್ಲದಿದ್ದರೆ ಗಾಯಕ್ಕೂ ದೇಹಕ್ಕೂ ನಡುವೆ ಟೂರ್ನಿಕೆಟ್ ಬಿಗಿದು, ಬಿಗಿದ ಹೊತ್ತನ್ನು ಗುರುತಿಟ್ಟು, ಇನ್ನೊಬ್ಬರು ಅಷ್ಟರಲ್ಲಿ 911ಕ್ಕೆ ಕರೆ ಮಾಡಿರಬೇಕು. ಅದಕ್ಕೆಂದೇ ಹತ್ತಿರದ ರಸ್ತೆಯ ಹೆಸರನ್ನು ಬಂದ ಕೂಡಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ತರಚು ಗಾಯವನ್ನೂ ಕಡೆಗಣಿಸಬಾರದು. ಬೆಚ್ಚನೆಯ ಕಡಲ ನೀರಿನಲ್ಲಿರುವ ವಿಬ್ರಿಯೋ ಬ್ಯಾಕ್ಟೀರಿಯಾ ಸಣ್ಣ ಗಾಯದಿಂದಲೂ ಒಳಹೊಕ್ಕು ಬೇಗ ವಿಷಮಿಸುತ್ತದೆ, ಅದರಲ್ಲೂ ಯಕೃತ್ತಿನ ಕಾಯಿಲೆ ಇರುವವರಿಗೆ. ಶುದ್ಧ ನೀರು, ಸೋಪಿನಿಂದ ತೊಳೆದ ಮೇಲೂ ಕೆಂಪಾಗಿ ಊದಿಕೊಂಡರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮೀನು ಹೋದ ಮೇಲೆ ಕತ್ತರಿಸಿದ ತಂತಿ, ತಂಗೂಸಿ, ಕೊಕ್ಕೆಯ ತುಂಡುಗಳನ್ನೆಲ್ಲ ಹೆಕ್ಕಿ ಬಕೆಟ್‌ಗೆ ಹಾಕಿ, ತೋಡಿದ ಗುಂಡಿಗಳನ್ನು ಮುಚ್ಚಿ. ಮತ್ತೆ ಎರೆ ಹಾಕುವ ಮುನ್ನ ತಂಗೂಸಿಯ ಲೀಡರನ್ನು ತುದಿಯಿಂದ ತುದಿಗೆ ಎರಡು ಬೆರಳಿನ ನಡುವೆ ಎಳೆದು ನೋಡಿ. ಎಲ್ಲಾದರೂ ಒರಟು ತಾಗಿದರೆ ಅಲ್ಲಿ ಶಾರ್ಕಿನ ಮೈ ಉಜ್ಜಿದೆ. ಆ ಲೀಡರನ್ನು ತೆಗೆದು ಹೊಸದನ್ನು ಕಟ್ಟಿ.